ಬೆಕ್ಕುಗಳದ್ದು ಆಟವೋ ಜಗಳವೋ? ಕೆಳಗೆ ಬಿದ್ದ ಬೆಕ್ಕನ್ನು ನೋಡಿ

ಎರಡು ಬೆಕ್ಕು ತಬ್ಬಿಕೊಂಡು, ಕುತ್ತಿಗೆಗೆ ಬಾಯಿ ಹಾಕಿ, ಹಿಂಗಾಲಲ್ಲಿ ಪಟಪಟ ಒದ್ದುಕೊಂಡು ನೆಲದ ಮೇಲೆ ಉರುಳಾಡುತ್ತಿದ್ದರೆ ನೋಡಿದವರು ಜಗಳ ಅನ್ನುತ್ತಾರೆ. ಅದೇ ಎರಡು ಬೆಕ್ಕು ನಾಲ್ಕಡಿ ದೂರದಲ್ಲಿ ಸುಮ್ಮನೆ ಕೂತು ಒಂದನ್ನೊಂದು ನೋಡುತ್ತಿದ್ದರೆ, ಸದ್ಯ ತಣ್ಣಗಾದವಲ್ಲ ಅಂದುಕೊಳ್ಳುತ್ತಾರೆ. ಬಹಳ ಸಲ ನಿಜ ಇದರ ತಲೆಕೆಳಗು.

ನಾನು ಚಿಕ್ಕಮಗಳೂರಿನ ಕೋಟೆ ಕಡೆ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಮನೆಯಲ್ಲಿ ಮೂರು ಬೆಕ್ಕು. ರಾಗಿ ಹೆಣ್ಣು, ಒಂಬತ್ತು ವರ್ಷದ ಹಿರಿಯಳು. ಗುಂಡ ಕೇಸರಿ ಬಣ್ಣದ ಗಂಡು, ಸಂತಾನಹರಣದ ಆಪರೇಷನ್ ಆಗಿದೆ. ಚುಕ್ಕಿ ಇನ್ನೂ ವರ್ಷ ತುಂಬದ ಹುಡುಗಿ, ಕೊನೆಗೆ ಬಂದವಳು. ಮಿಷನ್ ತುಳಿಯುತ್ತಾ ಕೂತವಳಿಗೆ ದಿನವಿಡೀ ಇವುಗಳ ಸಂಸಾರ ಕಣ್ಣೆದುರೇ ನಡೆಯುತ್ತದೆ. ಆಷಾಢದ ಮಳೆ ಹಿಡಿದರಂತೂ ಕೇಳಲೇಬೇಡಿ. ಹೊರಗೆ ಕಾಲಿಡಲು ಒಂದಕ್ಕೂ ಮನಸ್ಸಿಲ್ಲ, ಮೂರೂ ಒಂದೇ ಕೋಣೆಯಲ್ಲಿ. ಆಟವೂ ಜಾಸ್ತಿ, ಕಿರಿಕಿರಿಯೂ ಜಾಸ್ತಿ. ರವಿಕೆ ಅಳತೆ ಕೊಡಲು ಬಂದವರು "ಅಕ್ಕಾ, ಹೊಡೆದಾಡ್ತಿದಾವೆ ನೋಡಿ, ಬಿಡಿಸಬಾರ್ದಾ?" ಅನ್ನುತ್ತಾರೆ. ಟೇಪು ಹಿಡಿದುಕೊಂಡೇ "ಅದು ಆಟ ಕಣಮ್ಮ, ಕೈ ಎತ್ತು" ಅನ್ನುತ್ತೇನೆ. ಹೇಗೆ ಗೊತ್ತಾಗುತ್ತೆ ಅಂತ ಕೇಳಿದವರಿಗೆ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಯಾವ ಬೆಕ್ಕನ್ನು ನೋಡಬೇಕು

ನಮ್ಮ ಕಣ್ಣು ಹೋಗುವುದು ಮೇಲೆ ಬಿದ್ದ ಬೆಕ್ಕಿನ ಕಡೆಗೆ. ಅದು ಜೋರಾಗಿರುತ್ತದೆ, ಅಲ್ವಾ. ನೀವು ನೋಡಬೇಕಾದ್ದು ಕೆಳಗಿರುವುದನ್ನು. ಓಡಾಟ ನಡೆದಿದ್ದರೆ ಮುಂದೆ ಓಡುತ್ತಿರುವುದನ್ನು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವ ಗಾದೆ ಎರಡು ಬೆಕ್ಕುಗಳ ನಡುವೆಯೂ ಸಲ್ಲುತ್ತದೆ. ಮೇಲಿನದಕ್ಕೆ ಆಟವಾದರೆ ಸಾಲದು, ಕೆಳಗಿನದಕ್ಕೂ ಆಟವಾಗಿರಬೇಕು.

ಗುಂಡ ಮತ್ತು ಚುಕ್ಕಿಯ ಒಂದು ಸುತ್ತು ಹೇಗಿರುತ್ತದೆ ಹೇಳುತ್ತೇನೆ. ಚುಕ್ಕಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು, ಹಿಂಭಾಗ ಅಲ್ಲಾಡಿಸುತ್ತಾ ಹೊಂಚು ಹಾಕುತ್ತಾಳೆ. ಅವಳು ಅಲ್ಲಿದ್ದಾಳೆ ಅಂತ ಗುಂಡನಿಗೆ ಗೊತ್ತು. ಗೊತ್ತಿದ್ದೂ ಅದೇ ದಾರಿಯಲ್ಲಿ ಬರುತ್ತಾನೆ. ಅವಳು ಹಾರಿ ಬೆನ್ನು ಹಿಡಿಯುತ್ತಾಳೆ. ಅವನು ಧೊಪ್ಪನೆ ಪಕ್ಕಕ್ಕೆ ಬೀಳುತ್ತಾನೆ. ಅವಳ ತೂಕಕ್ಕೆ ಬಿದ್ದದ್ದಲ್ಲ, ಅವನಾಗಿಯೇ ಬಿದ್ದದ್ದು. ಮುಂಗಾಲಲ್ಲಿ ಅವಳ ತಲೆ ತಬ್ಬಿ ಕಿವಿಯ ಹತ್ತಿರ ಬಾಯಿ ತೆರೆಯುತ್ತಾನೆ. ಕಚ್ಚಿದ ಹಾಗೆ ಕಾಣುತ್ತದೆ, ಆದರೆ ದವಡೆ ಪೂರ್ತಿ ಮುಚ್ಚುವುದಿಲ್ಲ. ಹಿಂಗಾಲಲ್ಲಿ ನಾಲ್ಕು ಒದೆತ. ತಟ್ಟನೆ ಇಬ್ಬರೂ ನಿಲ್ಲುತ್ತಾರೆ. ಗುಂಡ ತನ್ನ ಭುಜ ನೆಕ್ಕಿಕೊಳ್ಳುತ್ತಾನೆ, ಚುಕ್ಕಿ ಗೋಡೆಯ ಮೇಲಿನ ಹಲ್ಲಿ ನೋಡುತ್ತಾಳೆ. ಮತ್ತೆ ಶುರು. ಈ ಸಲ ಮೇಲೆ ಗುಂಡ.

ಇದರಲ್ಲಿ ಗಮನಿಸಬೇಕಾದ ಮೂರು ವಿಷಯ ಇವೆ. ಸರದಿ ಬದಲಾಯಿತು: ಒಮ್ಮೆ ಅವಳು ಮೇಲೆ, ಒಮ್ಮೆ ಅವನು. ನಡುವೆ ಬಿಡುವು ಬಂತು. ದೊಡ್ಡವನು ತನ್ನ ಬಲವನ್ನೆಲ್ಲ ಹಾಕಲಿಲ್ಲ. ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ನಂಬಿಕೆಯದ್ದು: ಬಾಗಿಲು ತೆರೆದೇ ಇತ್ತು. ಚುಕ್ಕಿಗೆ ಸಾಕು ಅನ್ನಿಸಿದ್ದರೆ ಹೋಗಬಹುದಿತ್ತು. ಹೋಗಲಿಲ್ಲ. ಹೋದರೂ ತಿರುಗಿ ಬಂದು ಅವನ ಬಾಲಕ್ಕೆ ಒಂದು ಏಟು ಕೊಟ್ಟು ಓಡುತ್ತಾಳೆ.

ಅನುಮಾನ ಬಂದಾಗ ಮಾಡಬಹುದಾದ ಸುಲಭದ ಪರೀಕ್ಷೆಯೂ ಇದೇ. ಇಬ್ಬರ ನಡುವೆ ಒಂದು ರಟ್ಟು ಮೆಲ್ಲಗೆ ತೂರಿಸಿ, ಕೆಳಗಿನ ಬೆಕ್ಕಿಗೆ ಎದ್ದು ಹೋಗಲು ಅವಕಾಶ ಕೊಡಿ. ಆಟವಾಗಿದ್ದರೆ ಎರಡೂ ನಿಮ್ಮ ಮುಖ ನೋಡುತ್ತವೆ, ಇದೇನು ಮಧ್ಯೆ ಅನ್ನುವ ಹಾಗೆ. ಆಮೇಲೆ ಕೆಳಗಿನದೇ ಮತ್ತೆ ಹತ್ತಿರ ಬರುತ್ತದೆ. ಜಗಳವಾಗಿದ್ದರೆ ಅದು ಮಂಚದಡಿ, ಅಟ್ಟದ ಮೇಲೆ, ಎಲ್ಲಿ ಸಂದು ಸಿಕ್ಕಿತೋ ಅಲ್ಲಿಗೆ ಹೊರಟುಹೋಗುತ್ತದೆ. ತಿರುಗಿ ಬರುವುದಿಲ್ಲ.

ಕಿವಿ, ದನಿ, ಕೂದಲು

ಕಿವಿಯಿಂದ ಶುರು ಮಾಡಿ. ಆಟದಲ್ಲಿ ಕಿವಿ ಮುಂದಕ್ಕೆ ಇರುತ್ತದೆ, ಇಲ್ಲವೇ ಅತ್ತಿತ್ತ ಆಡುತ್ತಿರುತ್ತದೆ. ಉರುಳಾಡುವಾಗ ಒಂದು ಕ್ಷಣ ಹಿಂದಕ್ಕೆ ಮಡಚಬಹುದು, ಕಚ್ಚಿಸಿಕೊಳ್ಳದಿರಲಿ ಅಂತ. ಅದು ತಕ್ಷಣ ಎದ್ದು ನಿಲ್ಲುತ್ತದೆ. ಜಗಳದಲ್ಲಿ ಕಿವಿ ತಲೆಗೆ ಅಂಟಿಕೊಂಡು ಹಾಗೇ ಉಳಿಯುತ್ತದೆ. ಎದುರಿನಿಂದ ನೋಡಿದರೆ ಬೆಕ್ಕಿಗೆ ಕಿವಿಯೇ ಇಲ್ಲವೇನೋ ಅನ್ನಿಸಬೇಕು, ಅಷ್ಟು. ಕಿವಿ ಪೂರ್ತಿ ಮಲಗದೆ, ಹಿಂಭಾಗ ನಮ್ಮ ಕಡೆ ಕಾಣುವಂತೆ ತಿರುಗಿದ್ದರೆ ಅದು ಏರಿ ಬರಲು ಸಿದ್ಧವಾದ ಸಿಟ್ಟು.

ದನಿಯ ವಿಷಯ ನೇರ. ಆಟ ಹೆಚ್ಚುಕಡಿಮೆ ಮೂಕ. ಧಡಧಡ ಓಡುವ ಸದ್ದು, ಬುಟ್ಟಿ ಉರುಳಿದ ಸದ್ದು ಕೇಳಬಹುದು, ಬಾಯಿಂದ ಬರುವುದು ಕಡಿಮೆ. ಎಲ್ಲೋ ಒಂದು ಸಣ್ಣ ಕೀಚಲು ಬಂದು, ಕಚ್ಚಿದ್ದು ಬಿಟ್ಟರೆ ಅದೂ ಸರಿಯೇ. ಬುಸುಗುಟ್ಟುವುದು, ಗಂಟಲಾಳದಿಂದ ಗುರ್ ಅನ್ನುವುದು, ಏರಿಳಿದು ಊಳಿಡುವುದು ಶುರುವಾಯಿತೆಂದರೆ ಆಟ ಮುಗಿದಿದೆ. ಒಂದೇ ಒಂದು ಸಲ ಬುಸ್ ಅಂದು, ಇನ್ನೊಂದು ಬೆಕ್ಕು ಹಿಂದೆ ಸರಿದರೆ ಗಾಬರಿ ಬೇಡ. ಅದು "ಸಾಕು" ಅಂದದ್ದು, ಇದು ಕೇಳಿತು. ಕೇಳದೇ ಇದ್ದರೆ ಮಾತ್ರ ತೊಂದರೆ.

ಬೆನ್ನಿನ ಮತ್ತು ಬಾಲದ ಕೂದಲು ನೆಟ್ಟಗಾಗಿ ಬಾಲ ಪೊರಕೆಯಂತೆ ದಪ್ಪವಾದರೆ ಹೆದರಿಕೆ ಅಥವಾ ಸಿಟ್ಟು. ಮರಿಗಳಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಅವು ಆಟದ ಹುಮ್ಮಸ್ಸಿನಲ್ಲೇ ಬೆನ್ನು ಬಿಲ್ಲು ಮಾಡಿ, ಕೂದಲು ನಿಗುರಿಸಿ, ಏಡಿಯಂತೆ ಅಡ್ಡಡ್ಡ ಕುಣಿಯುತ್ತವೆ.

ಬಾಲ ಬಡಿಯುವುದನ್ನು, ಕಣ್ಣಪಾಪೆ ಅಗಲವಾಗುವುದನ್ನು ನಾನು ಜಾಸ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆಟದ ಬಿಸಿಯಲ್ಲೂ ಅವೆರಡು ಆಗುತ್ತವೆ, ಮಬ್ಬು ಬೆಳಕಲ್ಲೂ ಪಾಪೆ ಅಗಲವಾಗುತ್ತದೆ. ಹಾಗೆಯೇ ಹೊಟ್ಟೆ ತೋರಿಸುವುದು. ಹೊಟ್ಟೆ ಮೇಲೆ ಮಾಡಿದ ಬೆಕ್ಕು ಸೋತಿದೆ ಅಥವಾ ನಂಬಿದೆ ಅಂತ ತುಂಬಾ ಜನ ತಿಳಿದಿದ್ದಾರೆ. ಬೆಕ್ಕಿನ ಲೋಕದಲ್ಲಿ ಅದಕ್ಕೆ ಎರಡು ಉಪಯೋಗ. ಆಟದಲ್ಲಿ ಅದು ಕರೆ: ಮೈ ಸಡಿಲ, ಕಾಲು ಗಾಳಿಯಲ್ಲಿ ಓಲಾಡುತ್ತಿರುತ್ತವೆ, ಬಾಯಿ ಅರ್ಧ ತೆರೆದಿರುತ್ತದೆ. ಜಗಳದಲ್ಲಿ ಅದು ಕೊನೆಯ ಕೋಟೆ. ನಾಲ್ಕೂ ಕಾಲಿನ ಉಗುರು, ಹಲ್ಲು, ಎಲ್ಲ ಆಯುಧವೂ ಮೇಲ್ಮುಖವಾಗಿ ಸಿದ್ಧ. ಅಂಥ ಹೊಟ್ಟೆಗೆ ಕೈ ಹಾಕಿದರೆ ನಿಮ್ಮ ಮೊಣಕೈವರೆಗೂ ಗೀರು ಬರುತ್ತದೆ. ಎರಡನ್ನೂ ಬೇರೆ ಮಾಡುವುದು ಮತ್ತೆ ಕಿವಿ ಮತ್ತು ದನಿಯೇ.

ಉಗುರು ಹೊರಗಿತ್ತೋ ಒಳಗಿತ್ತೋ ಅಂತ ಆ ಗಡಿಬಿಡಿಯಲ್ಲಿ ನೋಡಲಾಗುವುದಿಲ್ಲ. ಆಮೇಲೆ ನೆಲ ನೋಡಿ. ಒಂದೆರಡು ಕೂದಲು ಬಿದ್ದಿದ್ದರೆ ಆಟದ್ದೇ. ಗುಡ್ಡೆ ಗುಡ್ಡೆ ಕಿತ್ತು ಬಿದ್ದಿದ್ದರೆ ಅಲ್ಲ.

ಆಟವೂ ಹೌದು, ಜಗಳವೂ ಹೌದು

ಸ್ಲೊವಾಕಿಯಾ ಮತ್ತು ಇಂಗ್ಲೆಂಡಿನ ಸಂಶೋಧಕರು ಸೇರಿ 2023ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಒಂದು ಅಧ್ಯಯನ ಪ್ರಕಟಿಸಿದರು. 105 ವಿಡಿಯೊ, ಅದರಲ್ಲಿ 210 ಬೆಕ್ಕು. ನನ್ನ ಮಗಳು ಫೋನಿನಲ್ಲಿ ಓದಿ ಹೇಳಿದಾಗ ನನಗೆ ಹಿಡಿಸಿದ್ದು ಒಂದು ವಿಷಯ. ಅವರು ಆಟ, ಜಗಳ ಅಂತ ಎರಡೇ ಗುಂಪು ಮಾಡಲಿಲ್ಲ. ಮಧ್ಯೆ ಮೂರನೆಯದೊಂದು ಇಟ್ಟರು. ಉರುಳಾಡಿ ಕುಸ್ತಿ ಹಿಡಿಯುವುದು ಹೆಚ್ಚಾಗಿ ಆಟದ ಕಡೆಗೆ ಬಂತು. ಕೂಗುವುದು, ಅಟ್ಟಿಸಿಕೊಂಡು ಹೋಗುವುದು ಜಗಳದ ಕಡೆಗೆ ಬಂತು. ಅರ್ಧಕ್ಕಿಂತ ಜಾಸ್ತಿ ಜೋಡಿಗಳದ್ದು ಆಟವೇ ಆಗಿತ್ತು. ಉಳಿದವುಗಳಲ್ಲೂ ಪೂರ್ತಿ ಜಗಳಕ್ಕಿಂತ ಈ ಮಧ್ಯದ ಗುಂಪೇ ದೊಡ್ಡದು. ಅಲ್ಲಿ ಆಟದ ಲಕ್ಷಣವೂ ಇತ್ತು, ಅಸಮಾಧಾನದ ಲಕ್ಷಣವೂ ಇತ್ತು.

ರಾಗಿ ಮತ್ತು ಚುಕ್ಕಿಯದ್ದು ಈ ಮಧ್ಯದ ಜಾತಿ. ಚುಕ್ಕಿಗೆ ಆಡಬೇಕು. ರಾಗಿಗೆ ಒಂಬತ್ತು ವರ್ಷ, ಅವಳಿಗೆ ಮಿಷನ್ ಪಕ್ಕದ ಬಟ್ಟೆ ಬುಟ್ಟಿಯಲ್ಲಿ ಮಲಗಬೇಕು. ಮೊದಲ ಎರಡು ಸಲ ಹಾರಿದಾಗ ರಾಗಿಯೂ ಕೈ ಬೀಸುತ್ತಾಳೆ, ಸ್ವಲ್ಪ ಆಟದ ಹಾಗೇ ಇರುತ್ತದೆ. ಮೂರನೆಯದಕ್ಕೆ ಗುರ್ ಅನ್ನುತ್ತಾಳೆ. ಚುಕ್ಕಿ ನಿಲ್ಲಿಸುವುದಿಲ್ಲ. ಅವಳಿಗೆ ಆ ಪಾಠ ಆಗಿಲ್ಲ. ಮರಿಗಳು ನಾಲ್ಕು ವಾರದ ಹೊತ್ತಿಗೆ ಒಡಹುಟ್ಟಿದವುಗಳ ಜೊತೆ ಆಡಲು ಶುರು ಮಾಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಟ್ಟು ಹೋಗುತ್ತದೆ. ತಾಯಿಯೂ ಒಂದೇಟು ಹಾಕುತ್ತದೆ. ಕಚ್ಚುವ ಅಳತೆ ಅಲ್ಲೇ ಕಲಿಯುವುದು. ಚುಕ್ಕಿ ಒಂಟಿಯಾಗಿ, ಕಣ್ಣು ಬಿಟ್ಟು ಸ್ವಲ್ಪ ದಿನಕ್ಕೇ ನಮ್ಮ ಗೇಟಿನ ಹತ್ತಿರ ರಟ್ಟಿನ ಡಬ್ಬದಲ್ಲಿ ಸಿಕ್ಕವಳು. ಮರಿ ಬೇಕು ಅಂತ ಕೇಳುವವರಿಗೆ ಅದಕ್ಕೇ ಹೇಳುವುದು, ಎರಡು ತಿಂಗಳಾಗುವವರೆಗೆ ತಾಯಿ ಹತ್ತಿರ ಬಿಡಿ, ಸಾಧ್ಯವಾದರೆ ಎರಡು ಮರಿ ಒಟ್ಟಿಗೆ ಒಯ್ಯಿರಿ.

ಮಧ್ಯದ ಜಾತಿಯನ್ನು ಬೈದು ಸರಿಮಾಡಲಾಗುವುದಿಲ್ಲ. ಚಿಕ್ಕದನ್ನು ಮೊದಲೇ ದಣಿಸಬೇಕು. ಕೋಲಿಗೆ ಕೋಳಿಗರಿ ಕಟ್ಟಿ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಚುಕ್ಕಿಯನ್ನು ಹಾರಿಸುತ್ತೇನೆ. ಆಮೇಲೆ ಊಟ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ: ಬೆಕ್ಕಿನ ದಿನಚರಿ ಅದೇ ಕ್ರಮದಲ್ಲಿ ಇರುವುದು. ರಾಗಿಗೆ ಬೀರುವಿನ ಮೇಲೆ ಹಳೇ ಕಂಬಳಿ ಹಾಕಿ ಜಾಗ ಮಾಡಿದ್ದೇನೆ. ಅಲ್ಲಿಗೆ ಹತ್ತಲು ಸ್ಟೂಲು ಬೇಕು, ಚುಕ್ಕಿಗೆ ಇನ್ನೂ ಆ ದಾರಿ ಹೊಳೆದಿಲ್ಲ.

ಅಂದಹಾಗೆ, ದಾರ ಕೊಟ್ಟು ಆಡಿಸಬೇಡಿ. ಹೊಲಿಗೆಯವಳಾಗಿ ಇದನ್ನು ಎಲ್ಲರಿಗೂ ಹೇಳುತ್ತೇನೆ. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳು ಒಳಮುಖವಾಗಿ ಇರುತ್ತವೆ. ಬಾಯಿಗೆ ಹೋದ ದಾರವನ್ನು ಉಗುಳುವುದು ಅದಕ್ಕೆ ಕಷ್ಟ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕರುಳು ನೆರಿಗೆ ನೆರಿಗೆಯಾಗಿ ಕೊಯ್ದುಹೋಗುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಇಣುಕಿದರೆ ಎಳೆಯದೆ ಡಾಕ್ಟರ ಹತ್ತಿರ ಓಡಿ. ನನ್ನ ದಾರದ ರೀಲುಗಳೆಲ್ಲ ಮುಚ್ಚಳದ ಡಬ್ಬದಲ್ಲಿ, ಸೂಜಿಯೂ ಅಷ್ಟೇ.

ಸದ್ದಿಲ್ಲದ ಜಗಳ

ಈಗ ಮೊದಲ ಮಾತಿಗೆ ಬರುತ್ತೇನೆ. ಜನ ಗಮನಿಸದೇ ಬಿಡುವ ಜಗಳ ಇದು. ಇದರಲ್ಲಿ ಕೂಗಿಲ್ಲ, ಗಾಯವಿಲ್ಲ, ಕೂದಲು ಹಾರುವುದಿಲ್ಲ.

ನಮ್ಮ ಮನೆಯಲ್ಲಿ ನಡುಮನೆಯಿಂದ ಬಚ್ಚಲಿಗೆ ಹೋಗಲು ಒಂದು ಕಿರಿದಾದ ಓಣಿ ಇದೆ. ಅದರ ಕೊನೆಯಲ್ಲಿ ಮರದ ಹೊಟ್ಟು ಹಾಕಿದ ಟ್ರೇ ಇತ್ತು. ಮಳೆಗಾಲದಲ್ಲಿ ಮೂರಕ್ಕೂ ಅದೇ ಕಕ್ಕಸು. ಚುಕ್ಕಿ ಆ ಓಣಿಯ ಬಾಯಲ್ಲಿ ಮಲಗಲು ಶುರು ಮಾಡಿದಳು. ನೋಡಿದವರಿಗೆ, ಪಾಪ ಬಚ್ಚಲ ಒಲೆಯ ಬಿಸಿಗೆ ಮಲಗಿದೆ ಅನ್ನಿಸಬೇಕು. ರಾಗಿ ಬರುತ್ತಾಳೆ. ಚುಕ್ಕಿ ಏಳುವುದಿಲ್ಲ, ತಲೆ ಮಾತ್ರ ತಿರುಗಿಸಿ ರಾಗಿಯ ಮುಖಕ್ಕೆ ನೇರ ನೋಡುತ್ತಾಳೆ. ಕಣ್ಣು ಮಿಟುಕಿಸುವುದಿಲ್ಲ. ಮೈ ಕಲ್ಲಿನಂತೆ, ಬಾಲದ ತುದಿ ಮಾತ್ರ ಟಕ್ ಟಕ್ ಅನ್ನುತ್ತಿದೆ. ರಾಗಿ ನಿಲ್ಲುತ್ತಾಳೆ. ಒಂದು ಮುಂಗಾಲು ಇನ್ನೂ ಗಾಳಿಯಲ್ಲೇ. ನೋಟ ತಪ್ಪಿಸಿ ಗೋಡೆ ಕಡೆ ನೋಡುತ್ತಾಳೆ, ತುಟಿ ನೆಕ್ಕಿಕೊಳ್ಳುತ್ತಾಳೆ, ಮೆಲ್ಲಗೆ, ತೀರಾ ಮೆಲ್ಲಗೆ ತಿರುಗಿ ಬಂದ ದಾರಿ ಹಿಡಿಯುತ್ತಾಳೆ. ಅಷ್ಟೇ. ಮುಗಿಯಿತು. ಅವತ್ತು ಸಂಜೆ ಲೈನಿಂಗ್ ಬಟ್ಟೆಯ ಗಂಟಿನ ಮೇಲೆ ಉಚ್ಚೆ.

ನಮ್ಮತ್ತೆ ಹಾಸನ ಕಡೆಯವರು. "ಈ ಮುದಿ ಕೊತ್ತಿಗೆ ಕೊಬ್ಬು ಕಣೇ" ಅಂದರು. ಕೊಬ್ಬಲ್ಲ, ಅದಕ್ಕೆ ದಾರಿ ಇಲ್ಲ. ಟ್ರೇ ಬಿಟ್ಟು ಬೇರೆ ಕಡೆ ಉಚ್ಚೆ ಮಾಡುವ ಬೆಕ್ಕಿಗೆ ಏಟು ಕೊಡುವ ಮುಂಚೆ ಎರಡು ವಿಷಯ ನೋಡಿ. ಒಂದು, ಮೂತ್ರದ ತೊಂದರೆ ಇದೆಯೇ ಅಂತ ಡಾಕ್ಟರಿಗೆ ತೋರಿಸಿ. ಗಂಡು ಬೆಕ್ಕು ತಿಣುಕಿ ತಿಣುಕಿ ಕೂತು ಹನಿಯೂ ಬಾರದಿದ್ದರೆ ಅವತ್ತೇ ಹೋಗಬೇಕು, ಮೂತ್ರ ಕಟ್ಟಿದರೆ ಜೀವಕ್ಕೇ ಅಪಾಯ. ಎರಡು, ಟ್ರೇಯ ದಾರಿಯಲ್ಲಿ ಯಾರು ಕೂರುತ್ತಾರೆ ನೋಡಿ.

ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಜಾಸ್ತಿ ಇರಲಿ ಅನ್ನುವುದು ಡಾಕ್ಟರುಗಳ ಲೆಕ್ಕ. ನಮ್ಮಂಥ ಮನೆಯಲ್ಲಿ ನಾಲ್ಕಕ್ಕೆ ಎಲ್ಲಿದೆ ಜಾಗ? ಮೂರು ಇಟ್ಟಿದ್ದೇನೆ: ಬಚ್ಚಲ ಹತ್ತಿರ ಒಂದು, ಹಿತ್ತಲ ಬಾಗಿಲ ಬಳಿ ಒಂದು, ಅಂಗಡಿ ಕೋಣೆಯ ಮೂಲೆಯಲ್ಲಿ ಪರದೆ ಹಿಂದೆ ಒಂದು. ಸಂಖ್ಯೆಗಿಂತ ಜಾಗ ಬೇರೆ ಬೇರೆ ಇರುವುದೇ ಮುಖ್ಯ. ನಾಲ್ಕು ಟ್ರೇ ಒಂದೇ ಕಡೆ ಸಾಲಾಗಿ ಇಟ್ಟರೆ ಅಲ್ಲಿ ಕಾವಲು ಕೂರಲು ಒಂದು ಬೆಕ್ಕು ಸಾಕು. ಊಟದ ತಟ್ಟೆಯೂ ಹಾಗೇ. ಮೂರೂ ಮೂತಿ ಸೇರಿಸಿ ಒಂದೇ ತಟ್ಟೆಯಲ್ಲಿ ತಿನ್ನುವುದು ಫೋಟೋಗೆ ಚೆಂದ. ಅದು ಸ್ನೇಹವೇ ಆಗಬೇಕಿಲ್ಲ, ಬೇರೆ ಕಡೆ ಸಿಗದೆ ಹೊಂದಿಕೊಂಡದ್ದೂ ಇರಬಹುದು. ಒಂದು ಬೆಕ್ಕು ಗಬಗಬ ತಿಂದು ಓಡಿದರೆ, ಇಲ್ಲವೇ ಎಲ್ಲರೂ ಮುಗಿಸುವವರೆಗೆ ದೂರ ಕಾದರೆ ತಟ್ಟೆ ಬೇರೆ ಮಾಡಿ, ಒಂದರ ಕಣ್ಣಿಗೆ ಇನ್ನೊಂದು ಬೀಳದ ಹಾಗೆ.

ನಿಜವಾದ ಸ್ನೇಹ ಗುರುತಿಸುವುದು ಆಟದ ಹೊತ್ತಲ್ಲಿ ಅಲ್ಲ, ಬಿಡುವಿನ ಹೊತ್ತಲ್ಲಿ. ಒಂದನ್ನೊಂದು ಒರಗಿ ಮಲಗುತ್ತವೆಯೇ, ತಲೆ ನೆಕ್ಕುತ್ತವೆಯೇ, ಎದುರು ಬರುವಾಗ ಬಾಲ ನೆಟ್ಟಗೆ ಎತ್ತಿ ಮೂಗಿಗೆ ಮೂಗು ತಾಗಿಸುತ್ತವೆಯೇ. ಇಷ್ಟಿದ್ದರೆ ಅವುಗಳ ಕುಸ್ತಿ ಎಷ್ಟು ಜೋರಾಗಿದ್ದರೂ ನಾನು ತಲೆ ಎತ್ತುವುದಿಲ್ಲ.

ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುವುದು

ವರ್ಷಗಟ್ಟಲೆ ಒಟ್ಟಿಗಿದ್ದ ಬೆಕ್ಕುಗಳು ಒಂದು ದಿನ ದಿಢೀರನೆ ಹೊಡೆದಾಡಿದರೆ ಮೊದಲು ಕಿಟಕಿ ನೋಡಿ. ನಮ್ಮ ಬೀದಿಯಲ್ಲಿ ಒಂದು ಗಡವ ಇದೆ, ದಪ್ಪ ಕೆನ್ನೆಯ ಬಿಳಿ ಗಂಡು ಬೆಕ್ಕು. ಅದು ಕಾಂಪೌಂಡ್ ಮೇಲೆ ಬಂದು ಕೂತರೆ ಗುಂಡ ಕಿಟಕಿ ಸರಳಿನ ಒಳಗಿಂದ ಕುದಿಯುತ್ತಾನೆ. ಅದರ ಹತ್ತಿರ ಹೋಗಲಾಗುವುದಿಲ್ಲ. ಆಗ ಯಾರು ಹತ್ತಿರ ಬಂದರೂ ಸಿಟ್ಟು ಅವರ ಮೇಲೆ. ಬೆಕ್ಕಾದರೂ ಸರಿ, ನಮ್ಮ ಕಾಲಾದರೂ ಸರಿ. ಕಿಟಕಿಯ ಕೆಳಗಿನ ಅರ್ಧಕ್ಕೆ ಪರದೆ ಹಾಕಿದೆ, ಕಡಿಮೆಯಾಯಿತು. ಹೀಗೆ ಹೊತ್ತಿಕೊಂಡ ಬೆಕ್ಕು ಐದು ನಿಮಿಷಕ್ಕೆ ತಣ್ಣಗಾಗುವುದಿಲ್ಲ. ಗಂಟೆಗಟ್ಟಲೆ, ಕೆಲವು ಸಲ ಮರುದಿನದವರೆಗೂ ಬೇಕು. ಕತ್ತಲೆ ಕೋಣೆಯಲ್ಲಿ ನೀರು, ಟ್ರೇ ಇಟ್ಟು ಒಂದನ್ನೇ ಬಿಡಿ. ಮುದ್ದು ಮಾಡಲು ಹೋಗಬೇಡಿ.

ಇನ್ನೊಂದು ಕಾರಣ ಆಸ್ಪತ್ರೆಯ ವಾಸನೆ. ಬೆಕ್ಕು ಬೆಕ್ಕನ್ನು ಗುರುತಿಸುವುದು ಮೂಗಿನಿಂದ. ಆಪರೇಷನ್ ಮುಗಿಸಿ ಗುಂಡನನ್ನು ತಂದಾಗ ರಾಗಿಗೆ ಅವನು ಗುಂಡ ಅಲ್ಲ, ಯಾರೋ ಸ್ಪಿರಿಟ್ ವಾಸನೆಯವನು. ಬುಸ್ ಅಂದಳು. ನನ್ನ ಹತ್ತಿರ ತುಂಡು ಬಟ್ಟೆಗೆ ಬರವೇ? ಒಂದು ಹತ್ತಿ ತುಂಡಿನಿಂದ ರಾಗಿಯ ಕೆನ್ನೆ, ಗಲ್ಲ ಒರೆಸಿ ಗುಂಡನ ಪಕ್ಕ ಇಟ್ಟೆ. ಗುಂಡನದ್ದು ಒರೆಸಿ ರಾಗಿಯ ಊಟದ ತಟ್ಟೆ ಹತ್ತಿರ ಇಟ್ಟೆ. ಕೆನ್ನೆಯಲ್ಲಿ ಅವುಗಳ ಗುರುತಿನ ವಾಸನೆಯ ಗ್ರಂಥಿ ಇರುತ್ತದೆ. ಹೊಸ ಬೆಕ್ಕು ತರುವಾಗಲೂ ಇದೇ ಉಪಾಯ. ಮೊದಲು ಬೇರೆ ಕೋಣೆ, ಬಟ್ಟೆ ಅದಲುಬದಲು, ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟ, ಆಮೇಲೆ ಬಾಗಿಲು ಸಂದು, ಆಮೇಲೆ ಮುಖಾಮುಖಿ. ವಾರಗಳೇ ಹಿಡಿಯಬಹುದು. "ಬಿಟ್ಬಿಡಿ, ಅವೇ ಸರಿ ಮಾಡ್ಕೊಳ್ತಾವೆ" ಅನ್ನುವವರ ಮಾತು ಕೇಳಬೇಡಿ.

ಮೂರನೆಯದು ನೋವು. ಹಲ್ಲು ನೋಯುವ, ಕೀಲು ಹಿಡಿದುಕೊಂಡ ಹಿರಿ ಬೆಕ್ಕು ಮುಟ್ಟಿದರೆ ಸಿಡಿಯುತ್ತದೆ.

ರಾತ್ರಿ ಹಂಚಿನ ಮೇಲೆ ಕೇಳುವ ಎದೆ ನಡುಗಿಸುವ ಕೂಗಾಟ ಇನ್ನೊಂದು. ಹೆಣ್ಣು ಬೆದೆಗೆ ಬಂದರೆ ಹಾಗೆ ಕೂಗುತ್ತದೆ, ಸುತ್ತಲ ಗಂಡುಗಳು ಸೇರಿ ಒಂದಕ್ಕೊಂದು ನಿಜವಾಗಿಯೇ ಕಚ್ಚಾಡುತ್ತವೆ. ಗಂಡು ಹೆಣ್ಣಿನ ಕುತ್ತಿಗೆ ಹಿಂಭಾಗ ಕಚ್ಚಿ ಹಿಡಿಯುವುದು, ಕೊನೆಗೆ ಹೆಣ್ಣು ಚೀರಿ ತಿರುಗಿ ಹೊಡೆಯುವುದು ಜಗಳವಲ್ಲ, ಅವುಗಳ ಕೂಡುವ ರೀತಿಯೇ ಅದು. ಆಪರೇಷನ್ ಮಾಡಿಸಿದರೆ ಅಲೆದಾಟ, ಗಂಡುಗಳ ಕಚ್ಚಾಟ, ಗೋಡೆಗೆ ಉಚ್ಚೆ ಹಾರಿಸುವುದು ಮೂರೂ ಬಹುಮಟ್ಟಿಗೆ ಕಡಿಮೆಯಾಗುತ್ತವೆ.

ಬಿಡಿಸುವುದು ಹೇಗೆ

ಕೈ ಹಾಕಬೇಡಿ. ಕಾಲೂ ಹಾಕಬೇಡಿ. ನನ್ನ ಆಯುಧ ಬಟ್ಟೆ ಥಾನಿನ ಒಳಗೆ ಬರುವ ಉದ್ದನೆಯ ರಟ್ಟು. ಅಂಗಡಿಯಲ್ಲಿ, ನಡುಮನೆಯಲ್ಲಿ ಒಂದೊಂದು ಗೋಡೆಗೆ ಒರಗಿಸಿಟ್ಟಿದ್ದೇನೆ. ಅದನ್ನು ಇಬ್ಬರ ಮಧ್ಯೆ ಇಳಿಸಿದರೆ ಸಾಕು. ಒಂದರ ಕಣ್ಣಿಗೆ ಇನ್ನೊಂದು ಕಾಣದಾದರೆ ಬಿಗಿ ಅರ್ಧ ಸಡಿಲವಾಗುತ್ತದೆ. ರಟ್ಟಿಲ್ಲದಿದ್ದರೆ ಮೊರ, ದಿಂಬು, ದಪ್ಪ ಕಂಬಳಿ, ಏನಾದರೂ ಆದೀತು. ಹೊಯ್‌ಕೈ ಆಗುವ ಮುಂಚೆ, ಬರೀ ದಿಟ್ಟಿಸುತ್ತಿರುವಾಗಲೇ ರಟ್ಟು ಇಳಿಸಿದರೆ ಇನ್ನೂ ಒಳ್ಳೆಯದು. ಪೂರ್ತಿ ಹೆಣೆದುಕೊಂಡಿದ್ದರೆ ಒಂದು ತಟ್ಟೆ ಬಡಿದು ಸದ್ದು ಮಾಡಿ, ಬಿಟ್ಟ ಕ್ಷಣ ರಟ್ಟು ಹಾಕಿ. ಅತ್ತೆಯ ಪದ್ಧತಿ ಚೊಂಬಿನ ನೀರು. ಬಿಡಿಸುತ್ತದೆ, ನಿಜ. ಆದರೆ ಬೆಕ್ಕು ಆ ನೀರಿನ ಭಯವನ್ನು ಎದುರಿದ್ದ ಬೆಕ್ಕಿನ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಮುಂದಿನ ಸಲ ಸಿಟ್ಟು ಎರಡರಷ್ಟು. ಹೊಡೆಯುವುದೂ ಹಾಗೇ.

ನಿಮಗೇ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಅಂತ ತಿಳಿಯಬೇಡಿ, ಬೆಕ್ಕಿನಿಂದಲೂ ಬರುತ್ತದೆ. ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಕೈ ಊದಿ ಕೀವಾಗುವುದೂ ಬೇಗ.

ಬೆಕ್ಕಿಗಾದ ಗಾಯವೂ ಹೀಗೇ ಮೋಸ ಮಾಡುತ್ತದೆ. ಮೇಲಿನ ತೂತು ಸಣ್ಣದು, ಕೂದಲೊಳಗೆ ಕಾಣುವುದೇ ಇಲ್ಲ, ಬೇಗ ಮುಚ್ಚಿಕೊಳ್ಳುತ್ತದೆ. ಕೀವು ಒಳಗೆ ಕಟ್ಟುತ್ತದೆ. ಮೂರು ನಾಲ್ಕು ದಿನಕ್ಕೆ ಕೆನ್ನೆ, ಕಾಲು ಅಥವಾ ಬಾಲದ ಬುಡ ಊದಿ, ಬೆಕ್ಕು ಊಟ ಬಿಟ್ಟು ಮೂಲೆ ಸೇರುತ್ತದೆ. ಆದ್ದರಿಂದ ಜಗಳದ ಮಾರನೇ ದಿನ, ಅದು ಶಾಂತವಾಗಿರುವಾಗ, ಮೈ ಮೇಲೆ ಬೆರಳಾಡಿಸಿ ಹಕ್ಕಳೆ, ಊತ, ಬಿಸಿ ಇದೆಯೇ ನೋಡಿ. ಸಿಕ್ಕರೆ ಕುದಿಸಿ ಆರಿಸಿದ ಉಪ್ಪುನೀರಲ್ಲಿ ಒರೆಸಿ ಪಶು ಆಸ್ಪತ್ರೆಗೆ ಒಯ್ಯಿರಿ. ಡೆಟ್ಟಾಲ್, ಫಿನಾಯಿಲ್ ಹಚ್ಚಬೇಡಿ, ಅವು ಬೆಕ್ಕಿಗೆ ವಿಷ. ನೋವಿಗೆ ಅಂತ ಪ್ಯಾರಾಸಿಟಮಾಲ್ ಅರ್ಧ ಮಾತ್ರೆಯನ್ನೂ ಕೊಡಬೇಡಿ, ಬೆಕ್ಕು ಸತ್ತೇಹೋಗಬಹುದು.

ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ನಮ್ಮಲ್ಲೂ ಪಶು ಆಸ್ಪತ್ರೆ ಇದೆ. ಎಲ್ಲಿಗೇ ಹೋದರೂ ಬುಟ್ಟಿಯೊಳಗಿನ ಬೆಕ್ಕು ಅಲ್ಲಿ ಗೊಂಬೆಯಂತೆ ಕೂತುಬಿಡುತ್ತದೆ, ಮನೆಯಲ್ಲಿ ಮಾಡುವುದನ್ನು ಡಾಕ್ಟರೆದುರು ಮಾಡುವುದಿಲ್ಲ. ಅದಕ್ಕೆ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಬರೀ ಒಂದರ ಮುಖ ದೊಡ್ಡದಾಗಿ ತೆಗೆಯಬೇಡಿ, ಎರಡೂ ಬೆಕ್ಕು ಪೂರ್ತಿ ಕಾಣಲಿ. ಶುರುವಾಗುವ ಮುಂಚಿನದು ಸಿಕ್ಕಿದರೆ ಇನ್ನೂ ಒಳ್ಳೆಯದು. ಬಿಟ್ಟುಕೊಂಡ ಮೇಲೂ ಒಂದು ನಿಮಿಷ ಫೋನ್ ಹಿಡಿದೇ ಇರಿ, ಯಾವುದು ಎಲ್ಲಿಗೆ ಹೋಯಿತು ಅನ್ನುವುದನ್ನು ಅವರು ಕೇಳಿಯೇ ಕೇಳುತ್ತಾರೆ.